ಬಾಲ್ ಮಿಲ್‌ನೊಳಗೆ ಅನಿಲಕ್ಕೇನು ಕೆಲಸ?

ಪ್ರಶ್ನೆ: ಕಬ್ಬಿಣದ ಪುಡಿಯನ್ನು ಗುಂಡುಗಳ ಜೊತೆ ಅರೆದು 45 ಡಿಗ್ರಿ ಸೆಲ್ಸಿಯಸ್‌ನಲ್ಲೇ ಅಮೋನಿಯ ತಯಾರಿಸಿದ್ದಾರೆಂದು ಓದಿದೆ. ಪುಡಿಯನ್ನು ಅರೆಯಬಹುದು, ಅನಿಲವನ್ನು ಅರೆಯುವುದು ಹೇಗೆ? ಅಮೋನಿಯಕ್ಕೆ ಬಹಳ ಶಾಖ ಬೇಕೆಂದು ನಮ್ಮ ಪಠ್ಯದಲ್ಲಿದೆಯಲ್ಲ?
– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಹಾಸನ

ಉತ್ತರ: ನಿಮ್ಮ ಪಠ್ಯವೂ ಸರಿ, ನೀವು ಓದಿದ ಸುದ್ದಿಯೂ ಸರಿ. ಅರೆಯುವುದು ಪುಡಿಯನ್ನು ಮಾತ್ರ. ಬಾಲ್ ಮಿಲ್ ಎಂದರೆ ಗಟ್ಟಿ ಗುಂಡುಗಳನ್ನು ಹಾಕಿ ಬಿಗಿಯಾಗಿ ಮುಚ್ಚಿದ ಡಬ್ಬಿ. ಅದು ಗಿರಗಿರನೆ ತಿರುಗುವಾಗ ಗುಂಡುಗಳ ನಡುವೆ ಸಿಕ್ಕ ಕಣ ಚಪ್ಪಟೆಯಾಗಿ, ಬಿರಿದು, ಮುರಿಯುತ್ತದೆ. ಲೋಹದ ಮೈಮೇಲೆ ಸಾಮಾನ್ಯವಾಗಿ ಆಕ್ಸೈಡಿನ ತೆಳು ಪೊರೆ ಇರುತ್ತದೆ. ಮುರಿದ ಕಡೆ ಅದಿಲ್ಲ. ಅಲ್ಲಿ ಜೊತೆಗಾರರನ್ನು ಕಳೆದುಕೊಂಡ ಪರಮಾಣುಗಳು ಹತ್ತಿರ ಸುಳಿದ ಅನಿಲದ ಅಣುವನ್ನು ಹಿಡಿದುಕೊಳ್ಳುತ್ತವೆ. ಸುಮ್ಮನೆ ಕಾಯಿಸಿದರೆ ಹೀಗೆ ಉಂಟಾದ ಪದರವೇ ಗೋಡೆಯಂತೆ ನಿಂತು ಮುಂದಿನ ಅನಿಲವನ್ನು ತಡೆಯಬಹುದು. ಇಲ್ಲಿ ಮರುಪೆಟ್ಟಿಗೆ ಆ ಗೋಡೆಯೂ ಒಡೆದು ಒಳಗಿನ ಹೊಸ ಮೈ ತೆರೆದುಕೊಳ್ಳುತ್ತದೆ. ಅರೆಯುವುದರ ದೊಡ್ಡ ಲಾಭ ಇದೇ ಎಂಬುದು ನನ್ನ ಅಭಿಪ್ರಾಯ.

ಟೈಟೇನಿಯಂ ಪುಡಿಯ ಡಬ್ಬಿಗೆ ಸಾರಜನಕ ತುಂಬಿ ಅರೆಯುವಾಗ ಒತ್ತಡಮಾಪಕದ ಮುಳ್ಳನ್ನು ನೋಡಬೇಕು. ಡಬ್ಬಿ ಎಲ್ಲೂ ಸೋರದಿದ್ದರೂ ಮುಳ್ಳು ಇಳಿಯುತ್ತ ಹೋಗುತ್ತದೆ. ಅನಿಲ ಲೋಹದೊಳಗೆ ಸೇರಿ ಟೈಟೇನಿಯಂ ನೈಟ್ರೈಡ್ ಆಗುತ್ತಿರುತ್ತದೆ. ಡ್ರಿಲ್ ಬಿಟ್‌ಗಳ ಮೇಲಿನ ಚಿನ್ನದ ಬಣ್ಣದ ಲೇಪನ ಇದರದ್ದೇ.

ಇನ್ನು ಅಮೋನಿಯ. ಸಾರಜನಕದ ತ್ರಿಬಂಧವನ್ನು ಒಡೆಯಲು ಮೋಲ್‌ಗೆ ಸುಮಾರು 945 ಕಿಲೋಜೂಲ್ ಶಕ್ತಿ ಬೇಕು. ಕಾರ್ಖಾನೆಗಳಲ್ಲಿ ಅಮೋನಿಯ ತಯಾರಿಸುವ ಹೇಬರ್-ಬಾಷ್ ವಿಧಾನದಲ್ಲಿ ವೇಗವರ್ಧಕವಿದ್ದರೂ 400ರಿಂದ 500 ಡಿಗ್ರಿ ಶಾಖ, ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕಾಗುವುದು ಅದಕ್ಕೇ. ದಕ್ಷಿಣ ಕೊರಿಯದ ಉಲ್ಸಾನ್‌ನಲ್ಲಿ ಜೋಂಗ್-ಬಿಯೋಮ್ ಬೇಕ್ ಅವರ ತಂಡ ಕೆಲಸವನ್ನು ಎರಡಾಗಿ ಒಡೆಯಿತು. ಮೊದಲು ಕಬ್ಬಿಣದ ಪುಡಿಯನ್ನು ಸಾರಜನಕದಲ್ಲಿ ಅರೆದರು. ಅಣು ಸೀಳಿ, ಬಿಡಿ ಪರಮಾಣುಗಳು ಕಬ್ಬಿಣದ ಹೊಸ ಮೈಗೆ ಅಂಟಿದವು. ಬಳಿಕ ಹೈಡ್ರೋಜನ್ ಬಿಟ್ಟು ಮತ್ತೆ ಅರೆದಾಗ ಅಮೋನಿಯ ಹೊರಬಂತು.

45 ಡಿಗ್ರಿ ಎಂಬುದನ್ನು ಮಾತ್ರ ಎಚ್ಚರದಿಂದ ಓದಿ. ಗುಂಡಿಗೆ ಗುಂಡು ಬಡಿಯುವ ಚುಕ್ಕೆಯಷ್ಟು ಜಾಗದಲ್ಲಿ ಕ್ಷಣಕಾಲ ಬಿಸಿಯೂ ಒತ್ತಡವೂ ಬಹಳ ಏರುತ್ತವೆ. ಅದಕ್ಕೆ ಬೇಕಾದ ಶಕ್ತಿಯನ್ನು ಕೊಡುವುದು ಮೋಟಾರು. ಅದು ನುಂಗುವ ವಿದ್ಯುತ್ತನ್ನು ಲೆಕ್ಕಕ್ಕೆ ಹಿಡಿಯದೆ ಈ ವಿಧಾನ ಅಗ್ಗ ಎನ್ನಲು ನಾನು ಒಪ್ಪುವುದಿಲ್ಲ. ಹಾಗೆಂದು ಎಲ್ಲವೂ ಉಜ್ಜುವಿಕೆಯ ಬಿಸಿಯಿಂದಲೇ ಆಗುತ್ತದೆ ಎಂದೂ ಅಲ್ಲ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಫಿಲಡೆಲ್ಫಿಯದ ರಸಾಯನವಿಜ್ಞಾನಿ ಕೇರಿ ಲೀ ತೋರಿಸಿದಂತೆ, ಬೆಳ್ಳಿಯ ಕ್ಲೋರೈಡ್ ಕಾಯಿಸಿದರೆ ಕರಗುತ್ತದೆ. ಖಲ್ವದಲ್ಲಿ ಅರೆದರೆ ವಿಘಟನೆಗೊಳ್ಳುತ್ತದೆ.

ಮನೆಯ ಮಿಕ್ಸಿಯಲ್ಲಿ ಲೋಹದ ಪುಡಿ ಹಾಕಿ ಇದನ್ನು ಪರೀಕ್ಷಿಸಬೇಡಿ. ಅರೆದ ಪುಡಿಯ ಡಬ್ಬಿಯನ್ನು ಲೋಹದೊಡನೆ ವರ್ತಿಸದ ಆರ್ಗಾನ್ ಅನಿಲ ತುಂಬಿದ ಪೆಟ್ಟಿಗೆಯೊಳಗೇ ತೆರೆಯಬೇಕು. ಅವಸರದಲ್ಲಿ ಹೊರಗೆ ಮುಚ್ಚಳ ತೆಗೆದಾಗ ಬೂದುಬಣ್ಣದ ಟೈಟೇನಿಯಂ ಪುಡಿ ಕಣ್ಣೆದುರೇ ಕೆಂಡವಾದದ್ದನ್ನು ನಾನು ನೋಡಿದ್ದೇನೆ.