ಹೂಳು ಬೇರೆ, ಮರಳು ಬೇರೆ

ನಮಸ್ಕಾರ. ಕೊರೆದುಹೋದ ಕಡಲತಡಿಗೆ ಸಮುದ್ರದ ತಳದಿಂದ ಎತ್ತಿದ ಮರಳು ಸುರಿಯುವ ಬಗ್ಗೆ ಗದಗಿನಿಂದ ನೀವು ಕಳಿಸಿದ ಲೇಖನವನ್ನು ಈಗಿರುವ ಹಾಗೆ ಹಾಕಲಾಗದು. ಭಾಷೆ ಚೆನ್ನಾಗಿದೆ, ಹೋಲಿಕೆ ಕೈಕೊಟ್ಟಿದೆ.

'ಕೆರೆಯ ಹೂಳನ್ನು ಹೊಲಕ್ಕೆ ಹೇರಿದಂತೆ' ಎಂದಿದ್ದೀರಿ. ನಮ್ಮ ಕಡೆ ಮಸಾರಿ ಹೊಲಕ್ಕೆ ಹೂಳು ಹೇರುವುದು ಅದರ ಜಿಗುಟಿಗಾಗಿ, ನೀರು ಹಿಡಿಯಲಿ ಅಂತ. ಕಡಲತಡಿಗೆ ಆ ಜಿಗುಟೇ ಕೇಡು. 0.063 ಮಿ.ಮೀ.ಗಿಂತ ಸಣ್ಣ ಕಣ, ಅಂದರೆ ಹೂಳು, ಜೇಡಿ, ಹೆಚ್ಚಾದರೆ ಮರಳು ಗಟ್ಟಿಯಾಗಿ ಕೂರುತ್ತದೆ, ಅಲೆ ಬಡಿದಾಗೆಲ್ಲ ನೀರು ರಾಡಿಯಾಗುತ್ತದೆ. ನೋಡಿ ಬೇಟೆಯಾಡುವ ಮೀನಿಗೆ ದಾರಿ ಕಾಣದು, ನೀರು ಸೋಸಿ ತಿನ್ನುವ ಚಿಪ್ಪುಜೀವಿಯ ಕಿವಿರು ಕಟ್ಟುತ್ತದೆ. ಇದೇ ಲೇಖನದ ಜೀವ. ನೀವು ಅರ್ಧ ವಾಕ್ಯದಲ್ಲಿ ಮುಗಿಸಿದ್ದೀರಿ. ಓದುಗರ ಕೈಯಲ್ಲೇ ಮಾಡಿಸಿ: ಗಾಜಿನ ಬಾಟಲಿಗೆ ಒಂದು ಹಿಡಿ ಮರಳು, ಮುಕ್ಕಾಲು ನೀರು, ಜೋರಾಗಿ ಕುಲುಕಿ ಇಡಲಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ. ಜೇಡಿ ಇದ್ದರೆ ನೀರು ಗಂಟೆಗಟ್ಟಲೆ ಮಸುಕಾಗಿಯೇ ಇರುತ್ತದೆ. (ಸಿಹಿನೀರೇ ಬೇಕು. ಉಪ್ಪುನೀರಲ್ಲಿ ಜೇಡಿ ಗಂಟುಕಟ್ಟಿ ಬೇಗ ಇಳಿದು ಮೋಸ ಮಾಡುತ್ತದೆ.)

'ಖಾಲಿ ಮರಳು' ಎಂಬ ಮಾತು ತೆಗೆಯಿರಿ. ಅಲೆ ಬಂದುಹೋಗುವ ಪಟ್ಟಿಯಲ್ಲಿ ಪುಟ್ಟ ಏಡಿ, ಹುಳು, ಚಿಪ್ಪುಜೀವಿಗಳು ಹುದುಗಿರುತ್ತವೆ. ದಡದ ಹಕ್ಕಿಗಳ ಊಟವೇ ಅವು. ಮೇಲೆ ಕೆಲವು ಸೆಂಟಿಮೀಟರ್ ಬಿದ್ದರೆ ಹಲವು ಕೊರೆದುಕೊಂಡು ಏಳುತ್ತವೆ, ಮೀಟರ್‌ಗಟ್ಟಲೆ ಸುರಿದರೆ ಅಲ್ಲೇ ಸಾಯುತ್ತವೆ. ಹೊಸ ಮರಳು ಹಳೆಯದಕ್ಕೆ ಹೊಂದಿದರೆ ಕೆಲವು ತಿಂಗಳಲ್ಲಿ ಮರಳಿ ತುಂಬಿಕೊಳ್ಳಬಹುದು, ಹೊಂದದಿದ್ದರೆ ವರ್ಷಗಳೇ ಹಿಡಿಯಬಹುದು.

'ಕಡಲಾಮೆಗಳಿಗೆ ತೊಂದರೆ' ಎಂದರೆ ಯಾವ ತೊಂದರೆ? ಆಲಿವ್ ರಿಡ್ಲೆ ಜಾತಿಯ ಆಮೆ ಮೊಟ್ಟೆಯಿಡಲು ಹಿಂಗಾಲಲ್ಲಿ ಮೊಳದಾಳ ಗುಂಡಿ ತೋಡಬೇಕು. ಮರಳು ಗಟ್ಟಿಯಾದರೆ ಅರ್ಧಕ್ಕೇ ಬಿಟ್ಟು ಹೋಗುತ್ತದೆ. ಸುರಿದ ಮರಳನ್ನು ಅಲೆ ಕಡಿದು ಗೋಡೆಯಂಥ ಏರು ಮಾಡಿದರೆ ಮೇಲೇ ಹತ್ತಲಾರದು. ಮರಳಿನ ಬಣ್ಣವನ್ನಂತೂ ನೀವು ಮುಟ್ಟೇ ಇಲ್ಲ. ಕಪ್ಪು ಮರಳು ಹೆಚ್ಚು ಕಾಯುತ್ತದೆ, ಗೂಡು ಬಿಸಿಯಾದಷ್ಟೂ ಹೆಣ್ಣುಮರಿಗಳೇ ಹೆಚ್ಚು.

ಮರಳು ಎತ್ತಿದ ಜಾಗದ ಬಗ್ಗೆ ಒಂದು ಪ್ಯಾರಾ ಸೇರಿಸಿ: ಆಳವಾಗಿ ತೋಡಿದ ಗುಂಡಿಯಲ್ಲಿ ಕೆಸರು ತುಂಬಿ ಆಮ್ಲಜನಕ ಕಡಿಮೆಯಾಗುತ್ತದೆ. ಕೊರೆತದ ಕಾರಣವೂ ಬೇಕು. ಅಳಿವೆ ಬಾಯಲ್ಲಿ ಅಲೆತಡೆ ಕಟ್ಟಿದರೆ ಒಂದು ಬದಿಗೆ ಮರಳು ನಿಲ್ಲುತ್ತದೆ, ಇನ್ನೊಂದು ಬದಿ ಸವೆಯುತ್ತದೆ. ಅಲ್ಲಿ ಒಮ್ಮೆ ಸುರಿದು ಕೈತೊಳೆದುಕೊಳ್ಳಲಾಗದು, ಮತ್ತೆ ಮತ್ತೆ ಸುರಿಯಬೇಕು, ಮತ್ತೆ ಮತ್ತೆ ಆ ಜೀವಿಗಳು ಹೂತುಹೋಗುತ್ತವೆ.

ಸೂರ್ಯಾಸ್ತದ ಎರಡು ಪ್ಯಾರಾ ತೆಗೆದರೆ ಇದಕ್ಕೆಲ್ಲ ಜಾಗ ಸಿಗುತ್ತದೆ. ತಿದ್ದಿ ಕಳಿಸಿ.