ಮಾಕುಟ್ಟ ಘಟ್ಟದಲ್ಲಿ ವಾಹನ ನಿಲ್ಲಿಸಿ ತೊರೆಗೆ ಇಳಿಯುವ ಬಗ್ಗೆ

ಕೊಡಗಿನ ವಿರಾಜಪೇಟೆಯಿಂದ ಕೇರಳದ ಇರಿಟ್ಟಿಗೆ ಹೋಗುವಾಗ ಮಾಕುಟ್ಟ ಘಟ್ಟದಲ್ಲಿ ತೊರೆಯ ಚಿತ್ರ ತೆಗೆಯುತ್ತಿದ್ದ ನಿಮ್ಮನ್ನು ಅರಣ್ಯ ಸಿಬ್ಬಂದಿ ತಡೆದದ್ದೇಕೆ ಎಂದು ಕೇಳಿದ್ದೀರಿ. ನೀವು ರಸ್ತೆ ಬಿಟ್ಟು ಕಾಡಿಗೆ ಇಳಿದದ್ದೇ ಬಹುಶಃ ಕಾರಣ. ಅಲ್ಲಿರುವುದು 1974ರಲ್ಲಿ ಘೋಷಣೆಯಾದ ಬ್ರಹ್ಮಗಿರಿ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ಅವಕಾಶ ಕೊಡುತ್ತದೆಯೇ ಹೊರತು ಅದರಾಚೆ ಕಾಲಿಡಲು ಅಲ್ಲ. ನೀವು ಇಳಿದ ಬದಿ ಮೀಸಲು ಅರಣ್ಯವೇ ಆಗಿದ್ದಿರಬಹುದು, ಆದರೆ ಅಲ್ಲಿಗೂ ಅನುಮತಿ ಬೇಕು.

ಮುಂದಿನ ಸಲ ಹಗಲಿನಲ್ಲೇ ಹೊರಡಿ, ಊಟ-ತಿಂಡಿಯನ್ನು ವಿರಾಜಪೇಟೆಯಲ್ಲೇ ಮುಗಿಸಿ, ಮಾಕುಟ್ಟ ಚೆಕ್‌ಪೋಸ್ಟ್‌ವರೆಗೆ ನಿಲ್ಲದೆ ಸಾಗಿ. ದಾರಿಯಲ್ಲಿ ತಿನಿಸು ಎಸೆಯಲೇಬೇಡಿ. ಇಲ್ಲಿನ ಸಿಂಗಳೀಕ (ಸಿಂಹಬಾಲದ ಕೋತಿ) ಬಹುತೇಕ ಮರದ ಮೇಲೆಯೇ, ಕೊಂಬೆಯಿಂದ ಕೊಂಬೆಗೆ ದಾಟುತ್ತಾ ಬದುಕುವ ಪ್ರಾಣಿ. ಎಸೆದ ತಿಂಡಿಯ ರುಚಿ ಹತ್ತಿದರೆ ಅದು ನೆಲಕ್ಕಿಳಿದು ವಾಹನದಡಿ ಸಿಲುಕುತ್ತದೆ. ಮಳೆಗಾಲದ ರಾತ್ರಿ ರಸ್ತೆ ದಾಟುವ ಕಪ್ಪೆಗಳು ಹೆಡ್‌ಲೈಟ್ ಬೆಳಕು ಬಿದ್ದೊಡನೆ ಡಾಂಬರಿನ ಮೇಲೆ ಅಲುಗದೆ ಕೂತುಬಿಡುತ್ತವೆ. ಹಗಲು ಪ್ರಯಾಣಕ್ಕೆ ನಾನು ಒತ್ತಿ ಹೇಳುವುದು ಅದಕ್ಕಾಗಿಯೇ.

ಇಲ್ಲಿ ಯುದ್ಧ ನಡೆದದ್ದು ನಿಜವೇ ಎಂದೂ ಕೇಳಿದ್ದೀರಿ. ನಿಜ: 1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಅಧಿಕಾರಿ ಕರ್ನಲ್ ಫೌಲಿಸ್‌ನ ಪಡೆ ಕಣ್ಣೂರಿನ ಕಡೆಯಿಂದ ಇದೇ ದಾರಿಯ ಹೆಗ್ಗಳ ಘಟ್ಟ ಹತ್ತಿದಾಗ, ಕೊಡಗಿನವರು ದಾರಿಗೆ ಅಡ್ಡಲಾಗಿ ಕಟ್ಟಿದ್ದ ತಡೆಗೋಡೆಗಳ ಬಳಿ ಅದನ್ನು ಎದುರಿಸಿದ್ದರು. ಅವುಗಳ ಗುರುತು ಹುಡುಕುತ್ತಾ ಕಾಡಿಗೆ ನುಗ್ಗಬೇಡಿ.

ವನ್ಯಜೀವಿಧಾಮದ ಒಳಗೆ ಚಿತ್ರ ತೆಗೆಯಲೇಬೇಕಿದ್ದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಅಡಿ ಅನುಮತಿ ಸಿಗುವ ಅವಕಾಶವಿದೆ. ದಿನಾಂಕ, ಸ್ಥಳ, ಉದ್ದೇಶ, ಜೊತೆಗಿರುವವರ ಹೆಸರು ನಮೂದಿಸಿ ಅರಣ್ಯ ಇಲಾಖೆಯ ವನ್ಯಜೀವಿ ವಿಭಾಗಕ್ಕೆ ಮುಂಚಿತವಾಗಿ ಅರ್ಜಿ ಕೊಡಿ, ಲಿಖಿತ ಅನುಮತಿ ಕೈಗೆ ಬಂದ ಮೇಲೆ ಹೊರಡಿ.