ಗಾಣದ ಎಣ್ಣೆ ಮಾರಲು ಬಣ್ಣಬಣ್ಣದ ಇಮೇಲ್ ಮಾಡಿಸಬೇಕಾ?

ತಿಪಟೂರಿನಲ್ಲಿ ಗಾಣದ ಕೊಬ್ಬರಿ ಎಣ್ಣೆ ಮಾಡುತ್ತೀರಿ, ಬೆಂಗಳೂರಿನ ಮುನ್ನೂರು ಚಿಲ್ಲರೆ ಗಿರಾಕಿಗಳ ಇಮೇಲ್ ವಿಳಾಸ ಇದೆ, ಡಿಸೈನ್ ಮಾಡಿಸಿ ಕಳಿಸಿದರೆ ದುಡ್ಡು ದಂಡವಾ ಅಂತ ಕೇಳಿದ್ದೀರಿ. ದಂಡ ಅಲ್ಲ. ಆದರೆ ಪೋಸ್ಟರ್ ಮಾಡಿಸಬೇಡಿ. ನಾನು ಮಾಡಿಸಿ ಕೈ ಸುಟ್ಟುಕೊಂಡವನು.

ನಮ್ಮದು ಶ್ರೀನಿವಾಸಪುರದ ಹತ್ತಿರ ಮಾವಿನ ತೋಪು. ಮಂಡಿಗೆ ಹಾಕಿ ಸಾಕಾಗಿ, ಬೆಂಗಳೂರಿನ ಮನೆಗಳಿಗೆ ನೇರವಾಗಿ ಬಾಕ್ಸ್ ಕಳಿಸಲು ಶುರು ಮಾಡಿದೆ. ಮೊದಲ ಸೀಸನ್‌ಗೆ ಡಿಟಿಪಿ ಅಂಗಡಿಯಲ್ಲಿ ಕೂತು ಒಂದು ಪೋಸ್ಟರ್ ಮಾಡಿಸಿದೆ. ಹಳದಿ ಹಿನ್ನೆಲೆ, ಮೂಲೆಮೂಲೆಗೂ ಮಾವು, ನಡುವೆ ಕೆಂಪು ಅಕ್ಷರದಲ್ಲಿ ದರ, ಕೆಳಗೆ ಫೋನ್ ನಂಬರ್. ಥೇಟ್ ಜಾತ್ರೆ ಫ್ಲೆಕ್ಸ್. ಆಗ ನನಗೆ ಅದೇ ಚೆಂದ ಅನಿಸಿತ್ತು, ಬಿಡಿ. ಇಮೇಲ್ ಕಳಿಸುವ ಸೇವೆಯೊಂದರಲ್ಲಿ ಆ ಚಿತ್ರ ಹಾಕಿ ಎಲ್ಲರಿಗೂ ಕಳಿಸಿದೆ.

ಮಧ್ಯಾಹ್ನ ಜಯನಗರದ ಹಳೇ ಗಿರಾಕಿಯೊಬ್ಬರು ಫೋನ್ ಮಾಡಿದರು. "ಏನಪ್ಪಾ, ಖಾಲಿ ಹಾಳೆ ಕಳಿಸಿದ್ದೀಯಾ?" ಅವರು ನೋಡಿದ್ದು ಆಫೀಸಿನ ಔಟ್‌ಲುಕ್‌ನಲ್ಲಿ. ಅಲ್ಲಿ ಸಾಮಾನ್ಯವಾಗಿ ಹೊರಗಿನ ಚಿತ್ರ ತಾನಾಗಿ ತೆರೆಯುವುದಿಲ್ಲ, ನಾವೇ ಒತ್ತಿ ಒಪ್ಪಿಗೆ ಕೊಡಬೇಕು. ನನ್ನ ಮಾವು, ದರ, ನಂಬರ್ ಎಲ್ಲಾ ಆ ಚಿತ್ರದ ಒಳಗೇ ಇತ್ತಲ್ಲ! ಇನ್ನೊಬ್ಬರಿಗೆ ಚಿತ್ರ ಕಂಡಿತ್ತು, ಆದರೆ ಫೋನಿನಲ್ಲಿ ಅಕ್ಷರ ಇರುವೆ ಸಾಲು. ನಂಬರ್ ಮುಟ್ಟಿದರೆ ಕರೆ ಹೋಗಲ್ಲ, ಚೀಟಿಯಲ್ಲಿ ಬರೆದುಕೊಳ್ಳಬೇಕು. ಅಷ್ಟು ಕಷ್ಟಪಟ್ಟು ಯಾರು ಮಾವು ತಗೋತಾರೆ ಹೇಳಿ?

ಸರಿ, ಅಕ್ಷರ ಬೇರೆಯಾಗಿ ಹಾಕೋಣ ಅಂತ ಡಿಟಿಪಿ ಫೈಲಿನಿಂದ ಕಾಪಿ ಮಾಡಿದೆ. ಕನ್ನಡ ಹೋಗಿ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ ಬಂತು. ಅಂಗಡಿಯವರು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಆ ಫಾಂಟ್ ಇಲ್ಲದ ಕಡೆ ಅದು ಹಾಗೇ ಕಾಣುವುದು. ಇಮೇಲ್‌ಗೆ ಯೂನಿಕೋಡ್ ಕನ್ನಡವೇ ಆಗಬೇಕು. ನೀವು ಫೋನಿನಲ್ಲಿ ಟೈಪ್ ಮಾಡುವುದು ಅದೇ.

ಈಗ ನನ್ನ ಇಮೇಲ್ ಅಗಲ 600 ಪಿಕ್ಸೆಲ್, ಒಂದೇ ಕಾಲಮ್. ಮೇಲೆ ಒಂದು ಫೋಟೊ. ಬೆಳಿಗ್ಗೆ ಪಂಪ್‌ಹೌಸ್ ನೆರಳಿನಲ್ಲಿ ನಾನೇ ತೆಗೆದದ್ದು: ಭತ್ತದ ಹುಲ್ಲಿನ ಮೇಲೆ ಬಾದಾಮಿ ಮಾವು, ಒಂದು ಕಾಯಿಯ ತೊಟ್ಟಿನ ಹತ್ತಿರ ಸೊನೆ ಒಣಗಿದ ಕಲೆ. ಡಿಸೈನ್ ಮಾಡುವ ಹುಡುಗ ಅದನ್ನು ಅಳಿಸಲು ಹೊರಟಿದ್ದ, ಬೇಡ ಮಾರಾಯ ಅಂದೆ. ಚಿತ್ರ ತೆರೆಯದಿದ್ದರೆ ಅದರ ಜಾಗದಲ್ಲಿ ಕಾಣಲಿ ಅಂತ ಒಂದು ಸಾಲು ಬರೆದಿರುತ್ತೇನೆ, ಆಲ್ಟ್ ಟೆಕ್ಸ್ಟ್ ಅನ್ನುತ್ತಾರೆ. ಕೆಳಗೆ ನಾಲ್ಕು ಸಾಲು ಮಾತು, ದರ, ಒಂದೇ ಒಂದು ಹಸಿರು ಬಟನ್. ಒತ್ತಿದರೆ ವಾಟ್ಸಾಪ್ ತೆರೆಯುತ್ತದೆ. ಕೊನೆಗೆ ಕಾಯಿಯನ್ನು ಹುಲ್ಲಿನಲ್ಲಿಟ್ಟು ಹೇಗೆ ಹಣ್ಣು ಮಾಡಬೇಕು ಅನ್ನುವ ವಿವರ. ಜನ ಇದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಮುಂದಿನ ವರ್ಷ ಅದೇ ಇಮೇಲ್‌ಗೆ ಉತ್ತರವಾಗಿ "ಮಲ್ಲಿಕಾ ಮಾವು ಯಾವಾಗ?" ಅಂತ ಬರೆಯುತ್ತಾರೆ.

ಕಳಿಸುವ ವಿಷಯ: ಮಾಮೂಲಿ ಜಿಮೇಲ್‌ನಿಂದ ದಿನಕ್ಕೆ 500 ಜನಕ್ಕೆ ಕಳಿಸಬಹುದು, ನಿಮಗೆ ಸಾಕು. ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಬಾರದು. 'ಇನ್ನು ಬೇಡ' ಅನ್ನುವವರಿಗೆ ಒಂದು ದಾರಿ ಇಡಿ, ಇಲ್ಲದಿದ್ದರೆ ಸ್ಪ್ಯಾಮ್ ಒತ್ತಿಬಿಡುತ್ತಾರೆ. 2024ರಿಂದ ಜಿಮೇಲ್ ದಿನಕ್ಕೆ 5,000 ದಾಟಿ ಕಳಿಸುವವರಿಗೆ ಇದನ್ನು ಕಡ್ಡಾಯವೇ ಮಾಡಿದೆ. ಇಮೇಲ್ ಕಳಿಸುವ ಸೇವೆಗಳು ಎಷ್ಟು ಜನ ತೆರೆದರು ಅಂತ ಕೊಡುವ ಲೆಕ್ಕ ನಂಬಬೇಡಿ. ಇಮೇಲ್‌ನೊಳಗಿನ ಚಿತ್ರ ಇಳಿದರೆ ತೆರೆದರು ಅಂತ ಎಣಿಸುತ್ತಾರೆ. 2021ರಿಂದ ಆಪಲ್ ಮೇಲ್ ತಾನೇ ಮುಂಚೆ ಚಿತ್ರ ಇಳಿಸಿಕೊಳ್ಳುವುದರಿಂದ ಓದದವರೂ ಓದಿದ ಹಾಗೆ ಕಾಣುತ್ತಾರೆ. ಆರ್ಡರ್ ಎಣಿಸಿ.

ನಿಮ್ಮ ಮೊದಲ ಇಮೇಲ್ ಡಿಸೆಂಬರ್‌ನಲ್ಲಿ ಕಳಿಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಚಳಿಗೆ ಬೆಂಗಳೂರಿನ ಅಡುಗೆಮನೆಯಲ್ಲಿ ಬಾಟಲಿ ಬೆಳ್ಳಗಾಗಿ ಕೂತಿರುತ್ತದೆ. 'ಏನೋ ಬೆರೆಸಿದ್ದಾರೆ' ಅಂತ ಅನುಮಾನ ಬರುವುದೂ ಆಗಲೇ ಅಲ್ವಾ? ಆ ಗಟ್ಟಿಯಾದ ಬಾಟಲಿಯದೇ ಫೋಟೊ ಹಾಕಿ, ಹೆಪ್ಪುಗಟ್ಟುವುದು ಯಾಕೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಹೇಗೆ ಕರಗಿಸುವುದು ಅಂತ ಎರಡು ಸಾಲು ಬರೆಯಿರಿ. ಅದರ ಕೆಳಗೆ ಬಟನ್ ಇಡಿ.